ಬಾಲಕೃಷ್ಣ ಅಂಕಲ್ ಕ್ಯಾಮೆರಾ

ಫಿಜಿಯಿಂದ ಬಂದ ಪೊಟ್ಟಣವನ್ನು ಜಯಾ ಆಂಟಿ ನಾಲ್ಕು ದಿನ ಬಿಚ್ಚಲಿಲ್ಲ. ಐದನೆಯ ದಿನ ಬಿಚ್ಚಿ, ಹರಿಣಿಗೆ ಫೋನ್ ಮಾಡಿದರು.

"ಬಂಡೆ ಸಂದೀಲಿ ಇವರ ಕ್ಯಾಮೆರಾ ಸಿಕ್ತಂತಮ್ಮ. ಮೇಲೆ ನಮ್ಮ ನಂಬರ್ ಬರ್ದಿದ್ರಲ್ಲ, ಕಳ್ಸಿದಾರೆ. ಒಬ್ಳೇ ನೋಡೋಕೆ ಧೈರ್ಯ ಸಾಲ್ತಿಲ್ಲ. ಬರ್ತೀಯಾ?"

ಸ್ಯಾನ್ ಪೀಡ್ರೊ ಬಂದರಿನ ಶಿಪ್ಪಿಂಗ್ ಆಫೀಸಿನಲ್ಲಿ ಕೂತಿದ್ದ ಹರಿಣಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಜಯಾ ಆಂಟಿಯ ಗಂಡ ಬಾಲಕೃಷ್ಣ, ಸ್ಯಾನ್ ಡಿಯಾಗೊದ ಟೆಲಿಕಾಂ ಇಂಜಿನಿಯರ್. ಐವತ್ತು ದಾಟಿದ ಮೇಲೆ ಡೈವಿಂಗ್ ಕಲಿತವರು. ರಜೆ ಸಿಕ್ಕಾಗಲೆಲ್ಲ ದ್ವೀಪಗಳಿಗೆ ಹೊರಡುವ ಗುಂಪಿನಲ್ಲಿ ಅವರೂ ಹರಿಣಿಯೂ ಇರುತ್ತಿದ್ದರು. ನೀರಿನೊಳಗೆ ಒಬ್ಬರಿಗೊಬ್ಬರು ಜೊತೆ. ಎರಡು ವರ್ಷದ ಹಿಂದೆ, 2023ರ ಮೇ ತಿಂಗಳಲ್ಲಿ, ಫಿಜಿಯ ಹವಳದ ಗೋಡೆಯ ಪಕ್ಕ ಇಳಿದಾಗ ಸಮುದ್ರದ ಒಳಸೆಳೆತ ಇಬ್ಬರನ್ನೂ ಕೆಳಕ್ಕೆ ಎಳೆಯಿತು. ಹರಿಣಿ ಮೇಲೆ ಬಂದಳು. ಅಂಕಲ್ ಬರಲಿಲ್ಲ, ದೇಹವೂ ಸಿಗಲಿಲ್ಲ.

"ನೀರು ಕಲಕಿತ್ತು, ಎಲ್ಲಿ ಹೋದ್ರೋ ಕಾಣ್ಲಿಲ್ಲ," ಎಂದೇ ಅವಳು ಎಲ್ಲರಿಗೂ ಹೇಳಿದ್ದಳು. ಆದರೆ ಸ್ನಾನದ ನೀರು ಮುಖಕ್ಕೆ ಬಿದ್ದರೆ ಸಾಕು, ಯಾರೋ ಬೆನ್ನಿಗೇ ನಿಂತಂತಾಗಿ ಥಟ್ಟನೆ ತಿರುಗುತ್ತಿದ್ದಳು.

ಭಾನುವಾರ ಬೆಳಗ್ಗೆ ಡ್ರೈವ್ ಮಾಡಿಕೊಂಡು ಹೋದಳು. ಅಂಕಲ್ ಎದೆಗೆ ಕಟ್ಟಿಕೊಳ್ಳುತ್ತಿದ್ದ ಆ ಕ್ಯಾಮೆರಾದ ಕಾರ್ಡನ್ನು ಆಂಟಿ ಲ್ಯಾಪ್‌ಟಾಪಿಗೆ ಹಾಕಿದರು. ನೀಲಿ ನೀರು, ಹಳದಿ ಮೀನುಗಳ ಹಿಂಡು. ಇದ್ದಕ್ಕಿದ್ದಂತೆ ಚಿತ್ರ ಗಿರ್ರನೆ ತಿರುಗಿತು. ಅಂಕಲ್ ಕೈ ಹರಿಣಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಅವಳ ಇನ್ನೊಂದು ಕೈ ಬಂದು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು.

ಹರಿಣಿ ತಲೆ ತಗ್ಗಿಸಿದಳು. ಆಂಟಿ ವಿಡಿಯೊ ನಿಲ್ಲಿಸಲಿಲ್ಲ. ಪರದೆ ಕಪ್ಪಾಗುತ್ತಾ ಹೋಯಿತು. ಅಂಕಲ್ ಉಸಿರು ಮಾತ್ರ ಕೇಳುತ್ತಿತ್ತು. ಎಳೆದು, ಬಿಟ್ಟು, ಮತ್ತೆ ಎಳೆದು. ಹನ್ನೊಂದು ನಿಮಿಷ. ಆಮೇಲೆ ಅದೂ ಕಡಿದುಹೋಯಿತು.

"ನೀನೇ ಬಿಡಿಸ್ಕೊಂಡೆ."

"ಹೌದು ಆಂಟಿ. ನನ್ ಸಿಲಿಂಡರಲ್ಲಿ ಗಾಳಿ ಮುಗೀತಾ ಬಂದಿತ್ತು. ಭಯ ಆಯ್ತು. ಆಮೇಲೆ ನಿಮ್ಗೆ ಹೇಳೋಕೂ ಭಯ ಆಯ್ತು."

ಆಂಟಿ ಬೈಯಲಿ, ಹೊರಗೆ ಅಟ್ಟಲಿ ಎಂದು ಅವಳು ಕಾದಳು. ಆಂಟಿಯ ಕಣ್ಣು ಪರದೆಯಿಂದ ಕದಲಲಿಲ್ಲ.

"ಇವ್ರ ಉಸಿರು ನಿಂತಿಲ್ಲ ನೋಡು. ನಿಂತಿದ್ದು ಬ್ಯಾಟರಿ. ಇನ್ನೊಂದ್ಸಲ ಹಾಕು."

ಹರಿಣಿ ಹಾಕಿದಳು. ಅಂದು ಮೂರು ಸಲ ಕೇಳಿದರು. ಹೊರಡುವಾಗ ಆಂಟಿ ಬಾಗಿಲವರೆಗೆ ಬಂದು, ಎಷ್ಟೋ ದಿನದ ಮೇಲೆ ನಕ್ಕರು.

"ಮುಂದಿನ ಭಾನುವಾರ ಊಟಕ್ಕೇ ಬಂದ್ಬಿಡು. ಮೂರು ಜನಕ್ಕೂ ಅಡುಗೆ ಮಾಡಿರ್ತೀನಿ."

ಹರಿಣಿ ಹೋದಳು. ಈಗಲೂ ಹೋಗುತ್ತಾಳೆ.