ಹೊಟ್ಟೆ ತುಂಬಿದ ರಾಣಿ

ಇಸ್ತ್ರಿ ಅಂಗಡಿಯ ಚಿಕ್ಕಮ್ಮನಿಗೆ ಒಂದು ಕೊಳವಿತ್ತು. ಅದರಲ್ಲಿ ನೀರಿರಲಿಲ್ಲ, ಇದ್ದದ್ದೆಲ್ಲ ಬೆಳಕು. ಅಂಗೈಯಗಲದ ಫೋನಿನೊಳಗೆ ಅದು ಸದಾ ಮಿಣಮಿಣ ಅನ್ನುತ್ತಿತ್ತು. ಕೊಳದ ತುಂಬ ಬಾತುಕೋಳಿಗಳು. ಕಾಳು ಹಾಕಿದರೆ ಮೊಟ್ಟೆ, ಮೊಟ್ಟೆ ಒಡೆದರೆ ನಾಣ್ಯ, ಆ ನಾಣ್ಯವನ್ನು ಬ್ಲಾಕ್‌ಚೈನ್ ಪೇಟೆಯಲ್ಲಿ ಮಾರಿದರೆ ನಿಜವಾದ ದುಡ್ಡು! ಈ ಆಟವನ್ನು ಅಂಗಡಿಗೆ ತಂದವಳು ಅಲ್ಲೇ ಬಟ್ಟೆ ಮಡಚುತ್ತಿದ್ದ ಅಕ್ಕನ ಮಗಳು.

ಮೊದಮೊದಲು ಬೀದಿಗೆ ಬೀದಿಯೇ ಕೊಳಕ್ಕಿಳಿದಿತ್ತು. ಎದುರಿನ ಕ್ಷೌರಿಕ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿಟ್ಟು ಕಾಳು ಹಾಕಲು ಓಡುತ್ತಿದ್ದ. ಪಕ್ಕದಲ್ಲಿ ಬೀಗ ರಿಪೇರಿ ಮಾಡುವ ಮಾವ, "ನನಗಿಂತ ನನ್ನ ಕುಂಟಿ ಬಾತೇ ಜಾಸ್ತಿ ದುಡಿಯುತ್ತೆ" ಎಂದು ಮೀಸೆ ತಿರುವುತ್ತಿದ್ದ. ಆಮೇಲೆ ನಾಣ್ಯದ ಬೆಲೆ ಜಾರಿ ಜಾರಿ ನೆಲ ಕಚ್ಚಿತು. ಒಬ್ಬೊಬ್ಬರೇ ಮೆಲ್ಲಗೆ ಜಾಗ ಖಾಲಿ ಮಾಡಿದರು. ಉಳಿದವಳು ಚಿಕ್ಕಮ್ಮ ಒಬ್ಬಳೇ.

"ಇನ್ನೂ ಯಾಕೆ ಚಿಕ್ಕಮ್ಮ ಇದರ ಸಹವಾಸ?" ಎಂದಳು ಹುಡುಗಿ.

"ಕಾಳು ಹಾಕ್ಲಿಲ್ಲಾಂದ್ರೆ ತಲೆ ತಗ್ಗಿಸಿ ಕೂತ್ಕೋತಾವಲ್ಲೇ. ನೋಡೋಕಾಗಲ್ಲ."

ಈ ಮಧ್ಯೆ ಅಂಗಡಿಯ ಹಬೆ ಇಸ್ತ್ರಿಪೆಟ್ಟಿಗೆ ಕೈಕೊಟ್ಟಿತು. ಮುಚ್ಚಳದಿಂದ ಕಂದು ನೀರು ತೊಟ್ಟಿಕ್ಕಿ ಅಂಗಿಗಳಿಗೆ ಕಲೆ. ಇನ್ನೊಂದು ಅಂಗಿ ಕೆಟ್ಟರೆ ಮೂಲೆಯ ವಸತಿಗೃಹದ ಬಟ್ಟೆಯೆಲ್ಲ ಬೇರೆಯವರ ಪಾಲು, ಅಂಗಡಿಗೆ ಬೀಗವೇ ಗತಿ. ಹೊಸ ಪೆಟ್ಟಿಗೆಗಾಗಿ ಹುಡುಗಿ ಹಗಲೆಲ್ಲ ಹುಡುಕಿ, ಕೊಳದ ಅಪರೂಪದ ಬಾತು ಜುಟ್ಟಿನ ರಾಣಿಗೆ ಒಬ್ಬ ಗಿರಾಕಿಯನ್ನು ಹಿಡಿದಳು. ಸಂಜೆಯೊಳಗೆ ಕಳಿಸಬೇಕೆಂಬುದು ಅವನ ಷರತ್ತು.

"ಬಟ್ಟೆ ಕೊಟ್ಟು ಬರ್ತೀನಿ. ಬಂದು ನಾನೇ ಕಳಿಸ್ತೀನಿ" ಎಂದು ಹುಡುಗಿ ಹೊರಟಳು. ಚಿಕ್ಕಮ್ಮ ತಲೆಯಾಡಿಸಿದಳು.

ಮರಳಿ ಬಂದು ಮಾರುವ ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದೇ ಸಾಲು: "ಬಾತು ಕಾಳು ಅರಗಿಸಿಕೊಳ್ಳುತ್ತಿದೆ, ನಾಳೆ ಬನ್ನಿ." ಉಂಡ ಬಾತು ಅಂದು ಕೊಳ ಬದಲಿಸುವಂತಿಲ್ಲ; ಆಟದ ನಿಯಮವೇ ಹಾಗೆ.

"ಚಿಕ್ಕಮ್ಮಾ! ಕಾಳು ಹಾಕಿದ್ಯಾ?"

"ಮತ್ತೆ? ಬೇರೆಯವರ ಮನೆಗೆ ಹೋಗೋ ಜೀವ, ಹಸಿದ ಹೊಟ್ಟೇಲಿ ಕಳಿಸ್ತಾರೇನೇ? ಒಂದು ಹಿಡಿ ಜಾಸ್ತೀನೇ ಹಾಕ್ದೆ."

ಗಿರಾಕಿ ಬೇರೆ ಬಾತು ನೋಡಿಕೊಂಡ. ಹುಡುಗಿ ಬಟ್ಟೆಗಂಟಿನ ಮೇಲೆ ಕುಸಿದು ಕುಳಿತಳು. ಮಾರಲು ಇನ್ನೇನಾದರೂ ಇದೆಯೇ ಎಂದು ಕೊಳವೆಲ್ಲ ಜಾಲಾಡುತ್ತಿದ್ದಾಗ ಪರದೆಯಲ್ಲಿ ಕೊಳದ ಬೇಲಿಯಾಚೆ ಕಣ್ಣು ಹೋಯಿತು. ಕ್ಷೌರಿಕ, ಮಾವ ಬಿಟ್ಟುಹೋದ ಕೊಳಗಳಲ್ಲೂ ಬಾತುಗಳು ಗುಂಡುಗುಂಡಾಗಿ ತೇಲುತ್ತಿದ್ದವು!

"ಇವಕ್ಕೂ ನೀನೇ ಹಾಕ್ತಿದ್ಯಾ?"

"ಬೇಲಿ ಪಕ್ಕದವಲ್ವಾ. ಅವೇನು ತಪ್ಪು ಮಾಡಿದ್ವು, ಪಾಪ."

ಅಳಬೇಕೋ ನಗಬೇಕೋ ತಿಳಿಯದೆ ಹುಡುಗಿ, "ಮಾವಾ, ಬಾ ಇಲ್ಲಿ, ನಿನ್ನ ಕುಂಟಿ ಇನ್ನೂ ಬದುಕಿದೆ!" ಎಂದು ಕೂಗಿದಳು. ಮಾವ ಅರ ಕೆಳಗಿಟ್ಟು ಬಂದ. ಪರದೆಗೆ ಬೆರಳು ತಾಕಿಸಿದ್ದೇ ತಡ, ಕುಂಟಿ ಓಲಾಡುತ್ತ ಈಜಿ ಬಂತು.

"ನೋಡಿದ್ರಾ, ಗುರುತು ಹಿಡಿದ್ಲು!"

"ಅದು ಯಾರು ಮುಟ್ಟಿದ್ರೂ ಬರುತ್ತೆ ಮಾವ."

"ನೀ ಸುಮ್ನಿರೇ." ಮಾವ ಮೂಗು ಒರೆಸಿಕೊಂಡ. "ಅದಿರಲಿ, ನಿನ್ನ ಮುಖ ಯಾಕೆ ಊದಿದೆ?"

ಹುಡುಗಿ ಎಲ್ಲ ಹೇಳಿ ಪೆಟ್ಟಿಗೆ ತೋರಿಸಿದಳು. ಮಾವ ಮುಚ್ಚಳ ತಿರುಗಿಸಿ ನೋಡಿದ; ಒಳಗಿನ ರಬ್ಬರು ಸವೆದಿತ್ತು, ಅಷ್ಟೇ. "ಇಷ್ಟಕ್ಕೆ ರಾಣೀನೇ ಮಾರೋಕೆ ಹೊರಟಿದ್ರಾ? ನಾನೇನು ಸತ್ತುಹೋಗಿದ್ನಾ?" ಎಂದು ಗದರಿದವನು ಹಳೆಯ ಸೈಕಲ್ ಟ್ಯೂಬಿನಿಂದ ರಬ್ಬರಿನ ಬಳೆ ಕತ್ತರಿಸಿ ಕೂರಿಸಿದ. ಚಿಕ್ಕಮ್ಮ ಉಸಿರು ಬಿಗಿಹಿಡಿದು ಬಿಳಿ ಅಂಗಿಯ ಮೇಲೆ ಪೆಟ್ಟಿಗೆ ಎಳೆದಳು. ಹಬೆ ಬುಸ್ಸೆಂದಿತು. ಅಂಗಿ ಬೆಳ್ಳಗೇ ಉಳಿಯಿತು.

ಮರುದಿನ ಬೆಳಗ್ಗೆ ರಾಣಿಯ ಕಾಳು ಅರಗಿತ್ತು. ಮಾರುವ ಗುಂಡಿ ಮತ್ತೆ ಹೊಳೆಯುತ್ತಿತ್ತು. ಚಿಕ್ಕಮ್ಮ ಬೇಕೆಂದೇ ಆಚೆ ತಿರುಗಿ ಬಟ್ಟೆ ಒದರುತ್ತಿದ್ದಳು. ಹುಡುಗಿ ಅವಳ ಬೆನ್ನನ್ನೊಮ್ಮೆ, ಪರದೆಯಲ್ಲಿದ್ದ ರಾಣಿಯ ಜುಟ್ಟನ್ನೊಮ್ಮೆ ನೋಡಿ, ತಾನೇ ಅದಕ್ಕೆ ಒಂದು ಹಿಡಿ ಕಾಳು ಚೆಲ್ಲಿದಳು.