ಎರಡು ಪಾಲಾದ ನಕ್ಷೆ

ಅಮ್ಮನನ್ನು ಹೂಳಿದ ಊರು ಎಲ್ಲಿತ್ತೆಂದು ಅಕ್ಕನಿಗೆ ಗೊತ್ತಿರಲಿಲ್ಲ; ಆಗ ಅವಳು ತೀರ ಚಿಕ್ಕವಳು. ಆ ಊರನ್ನು ಗಣಿ ಕಂಪನಿ ಕಟ್ಟಿತ್ತು. ಅದಿರು ಮುಗಿದಾಗ ತಗಡು, ಕಂಬಿ, ಬಾಗಿಲು ಸಮೇತ ಕಿತ್ತುಕೊಂಡು ಹೋಗಿತ್ತು. ಸರ್ಕಾರದ ನಕ್ಷೆಯಲ್ಲಿ ಅದು ಯಾವತ್ತೂ ಇರಲಿಲ್ಲ. ಇದ್ದದ್ದು ಗಣಿಯಲ್ಲಿ ನಕ್ಷೆ ಬರೆಯುತ್ತಿದ್ದ ಅಪ್ಪ ಮನೆಗೆ ತಂದಿಟ್ಟಿದ್ದ ಒಂದೇ ಒಂದು ಹಾಳೆಯಲ್ಲಿ.

ಅಪ್ಪ ಸತ್ತಾಗ ಪಾತ್ರೆ, ಮಂಚ ಎಲ್ಲ ಪಾಲಾಗಿ ನಕ್ಷೆ ಉಳಿಯಿತು. ನನಗೆ ಬೇಕೆಂದು ತಮ್ಮ, ನನಗೇ ಬೇಕೆಂದು ಅಕ್ಕ. ಹಾವು ಮುಂಗುಸಿಯ ಹಾಗೆ ಕಾದಾಡಿದರು. ಕೊನೆಗೆ ದರ್ಜಿ ಕೆಲಸದ ಅಕ್ಕ ಕತ್ತರಿ ತಂದು ಹಾಳೆಯನ್ನು ಅಡ್ಡಕ್ಕೆ ಕತ್ತರಿಸಿ ಮೇಲಿನ ಅರ್ಧವನ್ನು ಅವನ ಮುಖಕ್ಕೆ ಎಸೆದಳು. ಊರು ಯಾರ ಪಾಲಿಗೆ ಹೋಯಿತೆಂದು ಆ ಸಿಟ್ಟಿನಲ್ಲಿ ಇಬ್ಬರೂ ನೋಡಲಿಲ್ಲ. ತನ್ನ ಪಾಲಿನಲ್ಲಿಲ್ಲವೆಂದು ಅವಳಿಗೆ ಆಮೇಲೆ ತಿಳಿಯಿತು. ಕೇಳುವುದಕ್ಕೆ ಜಂಬ ಬಿಡಲಿಲ್ಲ. ವರ್ಷಗಟ್ಟಲೆ ಮಾತಿಲ್ಲ.

ಈಗ ಆ ಊರಿದ್ದ ಬಯಲನ್ನೆಲ್ಲ ಸೋಲಾರ್ ಕಂಪನಿ ಕೊಂಡು, ನೆಲ ಸಮ ಮಾಡಲು ಬುಲ್ಡೋಜರ್ ಇಳಿಸಿತ್ತು. ಅಮ್ಮನ ಮೂಳೆಯನ್ನಾದರೂ ಎತ್ತಿ ಬೇರೆಡೆ ಹೂಳಬೇಕೆಂದು ಅಕ್ಕ ಸೋತು ತಮ್ಮನಿಗೆ ಫೋನ್ ಮಾಡಿದಳು. ಅವನ ಕಸುಬೇ ಅದು: ಹಳೇ ನಕ್ಷೆ ಹಿಡಿದು ಪಾಳು ಊರು ಹುಡುಕುವುದು, ಜೀಪಿನಲ್ಲಿ ಜನರನ್ನು ಕರೆದೊಯ್ದು ತೋರಿಸುವುದು. ಗಿರಾಕಿಗಳಿದ್ದಾರೆ ಎಂದು ಒಂದು ವಾರ ಸತಾಯಿಸಿ ಬಂದ.

"ಲೋಕಕ್ಕೆಲ್ಲ ಪಾಳು ಊರು ತೋರಿಸ್ತೀಯ. ಹೆತ್ತವಳು ಮಲಗಿರೋ ಊರು ಮಾತ್ರ ಸಿಗ್ಲಿಲ್ಲ."

"ನೀನು ಬಿಸಾಕಿದ ಅರ್ಧದಲ್ಲಿ ಊರಿದ್ರೆ ತಾನೆ? ನಿನ್ ಹತ್ರ ಇದೆ ಅಂದ್ಕೊಂಡಿದ್ದೆ ನಾನು. ಬಿಚ್ಚು, ನಿನ್ ಹಾಳೆ ಬಿಚ್ಚು."

ಜೀಪಿನ ಬಾನೆಟ್ ಮೇಲೆ ಎರಡೂ ತುಂಡುಗಳನ್ನು ಜೋಡಿಸಿದರು. ಕೆಳಗಿನಿಂದ ಬಂದ ಗಣಿ ರೈಲಿನ ಗೆರೆ ಅಕ್ಕನ ಪಾಲಿನ ಅಂಚಿನಲ್ಲಿ ನಿಂತಿತು. ತಮ್ಮನ ಪಾಲಿನಲ್ಲಿ ಬೆರಳಗಲ ಬಲಕ್ಕೆ ಸರಿದು ಶುರುವಾಯಿತು. ಊರು ಎರಡರಲ್ಲೂ ಇರಲಿಲ್ಲ.

ಅಕ್ಕ ಅವನ ಹಾಳೆಯ ಅಂಚನ್ನು ಸವರಿದಳು. "ನಾನು ಕತ್ತರಿಸಿದ್ದು ಸೊಟ್ಟಕ್ಕೆ. ಇದ್ಯಾಕೋ ಇಷ್ಟು ನೇರ ಇದೆ?"

"ಮಾರನೇ ದಿನವೇ ಫ್ರೇಮ್ ಹಾಕಿಸ್ದೆ. ಅಂಗಡಿಯವನು ಅಂಚು ಸರಿ ಮಾಡ್ದ."

"ಎಷ್ಟು ತೆಗೆದ?"

ತಮ್ಮ ಎರಡು ಬೆರಳು ತೋರಿಸಿದ.

"ತುಂಡು ಎಲ್ಲಿ?"

"ಕಸಕ್ಕೆ. ಅದನ್ನೇನು ಮುತ್ತಿನ ಹಾರ ಅಂತ ಇಟ್ಕೋಬೇಕಿತ್ತಾ? ಬಟ್ಟೆಗೆ ಅಂಚು ಬಿಡೋಳು ಇದಕ್ಕೂ ಬಿಡಬೇಕಿತ್ತು."

ಎಷ್ಟು ಬೆರಳಿಗೆ ಎಷ್ಟು ಮೈಲಿ ಎಂದು ತೋರಿಸುವ ನಕ್ಷೆಯ ಅಳತೆಪಟ್ಟಿ ಅಕ್ಕನ ಪಾಲಿನಲ್ಲಿತ್ತು. ಎರಡು ಬೆರಳೆಂದರೆ ನೆಲದ ಮೇಲೆ ಎರಡು ಮೈಲಿ; ಊರು ಅಷ್ಟರೊಳಗೆಲ್ಲೋ. ಜೀಪಿನಲ್ಲಿ ಬಯಲಿಗೆ ಬಂದು ಹಳೇ ಹಳಿಯ ದಿಬ್ಬ ಹಿಡಿದು ಹೋದರು. ದಿಬ್ಬ ಮುಗಿದಲ್ಲಿಂದಾಚೆ ನೆಲವೆಲ್ಲ ಒರೆಸಿದ ಹಲಗೆಯಂತಿತ್ತು. ಬುಲ್ಡೋಜರ್ ಡ್ರೈವರ್ ಬೀಡಿ ಕಚ್ಚಿಕೊಂಡೇ ಹೇಳಿದ, "ಪಾಯದ ಕಲ್ಲು ಇದ್ವಮ್ಮ. ಒಂದ್ಕಡೆ ಸಣ್ಣ ಕಲ್ಲು ಸಾಲಾಗಿ ನೆಟ್ಟಿದ್ರು. ಮೊನ್ನೆ ತಳ್ಳಿದ್ವಿ. ಎಲ್ಲಿ ಅಂತ ಹೇಳ್ಲಿ? ಎಲ್ಲಾ ಒಂದೇ ತರ ಕಾಣುತ್ತೆ."

ಅಕ್ಕ ತಮ್ಮನ ಕಡೆ ತಿರುಗಿದಳು. "ತಾಯಿನ ತಿಂದ್ಕೊಂಡು ಹುಟ್ಟಿದೆ. ಈಗ ಮೂಳೇನೂ ಬಿಡ್ಲಿಲ್ಲ."

"ಕತ್ತರಿ ಹಿಡಿದ ಕೈ ಯಾವುದು, ನೋಡ್ಕೋ," ಎಂದ ತಮ್ಮ. ಅವಳ ಚೀಲವನ್ನು ಮಣ್ಣಿಗೆ ಎಸೆದು ಜೀಪು ತಿರುಗಿಸಿಕೊಂಡು ಹೋದ.

ಎರಡು ಬೆರಳಗಲ ಕಾಗದದಲ್ಲಿ ಹೋದದ್ದು ಅರವತ್ತು ಮನೆ, ಒಂದು ಶಾಲೆ, ಒಂದು ಬಾವಿ, ಹನ್ನೊಂದು ಸಮಾಧಿ.