ಹದಿನೇಳು ಇಂಚಿನ ಹೊಟ್ಟೆಕಿಚ್ಚು

ನಾನು ಹದಿನೇಳು ಇಂಚಿನ ಒಂದು ಹಳೇ ಮಾನಿಟರ್. ಮುಂದೆ ಗಾಜಿನ ಮುಖ, ಹಿಂದೆ ಗೂನು ಬೆನ್ನು. ಹುಟ್ಟಿದ್ದು ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟದ್ದು ಮಾತ್ರ ದಾವಣಗೆರೆಯಲ್ಲಿ, ಏಕಾಂತಪ್ಪನವರ ಡಿಟಿಪಿ ಅಂಗಡಿಯಲ್ಲಿ. ಥರ್ಮೋಕೋಲು ಕಳಚಿ ಸ್ವಿಚ್ ಒತ್ತಿದಾಗ ನಾನು ಮೊದಲು ಕಂಡದ್ದು ನಾಗವೇಣಿಯ ಮುಖ. ಅಲ್ಲಿ ಟೈಪ್ ಮಾಡುತ್ತಿದ್ದವಳು ಅವಳು. ಲಗ್ನಪತ್ರಿಕೆಯಾಗಲಿ, ಕರಪತ್ರವಾಗಲಿ, ನನ್ನ ಮುಖ ನೋಡಿಕೊಂಡೇ ಮಾಡಬೇಕು. ಅವಳು ನನ್ನವಳು ಎಂದು ನಾನೇ ತೀರ್ಮಾನಿಸಿಕೊಂಡೆ.

ವಯಸ್ಸಾಗಿ ಅಂಗಡಿ ಮುಚ್ಚುವಾಗ ಏಕಾಂತಪ್ಪನವರು, "ಇದನ್ನ ನೀನೇ ತಗಂಡು ಹೋಗವ್ವ, ನಿನ್ ಕಣ್ಣಿಗೆ ಒಗ್ಗೈತೆ" ಎಂದರು. ಆಟೋದಲ್ಲಿ ಅವಳ ತೊಡೆಯ ಮೇಲೆ ಕೂತು ಮನೆಗೆ ಬಂದೆ. ಮನೆಯಲ್ಲಿ ಇದ್ದವರು ಇಬ್ಬರೇ: ಅವಳು, ಅವಳನ್ನು ಸಾಕಿದ ದೊಡ್ಡಮ್ಮ ಕೊಟ್ರಮ್ಮ.

ನಾಗವೇಣಿ ವೆಬ್‌ಪುಟ ಮಾಡುವುದನ್ನು ಕಲಿತಳು. ನನ್ನ ಅಗಲ ಸಾವಿರದ ಇಪ್ಪತ್ತನಾಲ್ಕು ಚುಕ್ಕಿ, ಅವಳ ಮಾತಿನಲ್ಲಿ ಪಿಕ್ಸೆಲ್. ಅವಳ ಪುಟಗಳ ಅಗಲ ಸರಿಯಾಗಿ ಸಾವಿರ. ಅಳತೆ ಕೊಟ್ಟು ಹೊಲಿಸಿದ ಕುಪ್ಪಸದ ಹಾಗೆ ಪುಟ ನನ್ನ ಮೈಗೆ ಕೂರುತ್ತಿತ್ತು. ಜಗತ್ತಿನ ಪರದೆಗಳೆಲ್ಲ ನನ್ನಷ್ಟೇ ಇರಬೇಕು ಎಂದುಕೊಂಡಿದ್ದೆ.

ಊರಿನ ಒಂದು ಕಣ್ಣಾಸ್ಪತ್ರೆಯವರು ಟೋಕನ್ ನಂಬರು ತೋರಿಸುವ ಪುಟ ಬೇಕೆಂದರು. ಅದನ್ನೂ ಅವಳು ನನ್ನ ಮೇಲೆಯೇ ಮಾಡಿದಳು. ಆದರೆ ಅವರು ಅದನ್ನು ಹಾಕಿದ್ದು ರೋಗಿಗಳು ಕಾಯುವ ಕೋಣೆಯ ಗೋಡೆಯ ಮೇಲಿನ ದೊಡ್ಡ ಪರದೆಗೆ. ನಾಗವೇಣಿ ಅದರ ಫೋಟೋ ತಂದು ನನ್ನ ಮೈಮೇಲೆಯೇ ತೆರೆದಳು. ರೊಟ್ಟಿಯಂತೆ ತೆಳ್ಳಗೆ, ಗೂನಿಲ್ಲ, ಗೋಡೆಗೆ ಗೋಡೆಯೇ ಅವನದು. "ಎಷ್ಟು ಚಂದ ಐತಲ್ಲ!" ಎಂದಳು. ನನಗೆ ಒಂದು ದಿನವೂ ಆ ಮಾತು ಹೇಳಿದವಳಲ್ಲ. ಒಳಗೆಲ್ಲ ಉರಿಯಿತು.

ಆಮೇಲೆ ಆ ಫೋಟೋವನ್ನೇ ದಿಟ್ಟಿಸಿದೆ. ಚುಕ್ಕಿಗಳ ಲೆಕ್ಕದಲ್ಲಿ ಅವನ ಅಗಲ ಸುಮಾರು ನನ್ನ ಎರಡರಷ್ಟು. ಪುಟ ಮಾತ್ರ ಅದೇ ಸಾವಿರ ಚುಕ್ಕಿ. ದೊಡ್ಡ ಜಮಖಾನದ ನಡುವೆ ಕೈವಸ್ತ್ರ ಹಾಸಿದಂತೆ ಮಧ್ಯದಲ್ಲಿ ಮುದುಡಿತ್ತು. ಎರಡೂ ಕಡೆ ಬರೀ ಬಿಳುಪು. ಅಷ್ಟು ದೊಡ್ಡ ಮೈ ಇದ್ದರೂ ಅವನಿಗೆ ತುಂಬಿಸಿಕೊಳ್ಳಲು ಬರಲಿಲ್ಲ! ನನಗೆ ಹಾಲು ಕುಡಿದಷ್ಟು ಖುಷಿಯಾಯಿತು. ನಾಗವೇಣಿ ಅದನ್ನು ಗಮನಿಸಲಿಲ್ಲ. ಹತ್ತಿರ ನಿಂತು ತೆಗೆದ ಫೋಟೋದಲ್ಲಿ ಅಕ್ಷರಗಳನ್ನು ಓದಲು ಬರುತ್ತಿತ್ತು.

ಎರಡು ವಾರದ ಮೇಲೆ ದೊಡ್ಡಮ್ಮ ಕಣ್ಣಿನ ಪೊರೆ ತೋರಿಸಿಕೊಳ್ಳಲು ಒಬ್ಬಳೇ ಅದೇ ಆಸ್ಪತ್ರೆಗೆ ಹೋದಳು. ಮಧ್ಯಾಹ್ನ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಡಾಕ್ಟ್ರು ಏನಂದ್ರು ದೊಡ್ಡಮ್ಮ?"

"ನೋಡ್ಲಿಲ್ಲವ್ವ. ನನ್ ನಂಬರ್ ಬಂದು ಹೋತಂತೆ."

"ಕೂಗ್ಲಿಲ್ವಾ?"

"ಗೋಡೆ ನೋಡ್ತಾ ಇರು ಅಂದ್ರು. ಪಕ್ಕದಾಕಿ ಅಲ್ಲೇ ಐತಲ್ಲ ಅಂದ್ಲು. ನನಗೆ ಬರೀ ಬೆಳ್ಳಗೆ ಕಾಣ್ತು. ಕಣ್ಣು ಪೂರ್ತಿ ಹೋದ್ವು ಅಂದ್ಕಂಡೆ. ಇನ್ ತೋರಿಸಿ ಏನ್ ಮಾಡೋದು ಅಂತ ಎದ್ದು ಬಂದೆ." ಸೆರಗಿನಿಂದ ಕಣ್ಣೊತ್ತಿಕೊಂಡಳು. "ಇನ್ನು ನಿನಗೆ ಭಾರ ಆಗ್ತೀನಲ್ಲೇ ನಾಗಿ."

ನಾಗವೇಣಿ ಆ ಫೋಟೋವನ್ನು ಮತ್ತೆ ತೆರೆದಳು. ಈ ಸಲ ಬಾಗಿಲ ತನಕ ಹಿಂದೆ ಹೋಗಿ ನಿಂತು ನೋಡಿದಳು. ಅವಳ ಮುಖ ಸಪ್ಪಗಾಯಿತು.

"ನಿನ್ ಕಣ್ಣು ಹೋಗಿಲ್ಲ ದೊಡ್ಡಮ್ಮ. ತಪ್ಪು ನಂದು. ಈ ಸಣ್ಣ ಪರದೆಗೆ ಅಳತೆ ಇಟ್ಟು ಕೂತೆ."

ಸಣ್ಣ ಪರದೆ. ಆ ಮಾತು ಚುಚ್ಚಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಆ ಬಿಳುಪನ್ನು ಕಂಡು ನಾನು ಪಟ್ಟ ಖುಷಿ.

ಗೋಡೆಗೆ ಹಾಕದೆ ಉಳಿದಿದ್ದ ಅಂಥದೇ ಇನ್ನೊಂದು ಪರದೆಯನ್ನು ಆಸ್ಪತ್ರೆಯಿಂದ ಕೇಳಿ ತಂದಳು. ನನ್ನನ್ನು ಮೂಲೆಗೆ ತಳ್ಳಿ ಮೇಜಿನ ನಡುವೆ ಅವನನ್ನು ನಿಲ್ಲಿಸಿದಳು. ಮೂರು ದಿನ ಅವನನ್ನೇ ನೋಡಿದಳು. ಮೊದಲು ಪುಟವನ್ನು ಸುಮ್ಮನೆ ಹಿಗ್ಗಿಸಿದಳು. ಬಲಗಡೆಯ ನಂಬರು ಅಂಚಿನಾಚೆ ಹೋಯಿತು. ನಾನು ಮತ್ತೆ ಖುಷಿಪಟ್ಟೆ, ಮತ್ತೆ ನಾಚಿದೆ. ಕೊನೆಗೆ ಸಾವಿರ ಚುಕ್ಕಿ ಎಂಬ ಲೆಕ್ಕವನ್ನೇ ಅಳಿಸಿದಳು. ಪರದೆ ಎಷ್ಟೇ ಇರಲಿ, ಅದರ ಅಗಲದಲ್ಲಿ ನಂಬರಿಗೆ ಅರ್ಧ ಪಾಲು, ಕೋಣೆಯ ಹೆಸರಿಗೆ ಉಳಿದರ್ಧ. ಅಕ್ಷರವೂ ಪರದೆಯ ಜೊತೆಗೇ ಬೆಳೆಯಬೇಕು ಎಂದು ಬರೆದಳು.

ಪುಟ ಅವನ ಮೈತುಂಬ ಹರಡಿತು. ಅಡುಗೆಮನೆಯ ಬಾಗಿಲಲ್ಲಿ ನಿಂತ ದೊಡ್ಡಮ್ಮ ಅದರ ಮೇಲಿನ ನಂಬರು ಓದಿ, "ನಲವತ್ತೇಳು!" ಎಂದು ಕೂಗಿದಳು. ಕೂಗಿ ಅಳತೊಡಗಿದಳು. ನಾಗವೇಣಿ ಓಡಿಹೋಗಿ ತಬ್ಬಿಕೊಂಡಳು. ಅವರಿಬ್ಬರ ಹಿಂದೆ ಅವನು ಬೆಳಗುತ್ತಿದ್ದ. ನನ್ನ ಮೇಲೂ ಅದೇ ಪುಟ ಅಂಚಿನಿಂದ ಅಂಚಿಗೆ ಚೊಕ್ಕವಾಗಿ ಕೂತಿತ್ತು. ಯಾರೂ ತಿರುಗಿ ನೋಡಲಿಲ್ಲ.

ಹೊಸ ಪುಟದ ಜೊತೆಗೆ ಅವನನ್ನು ಆಸ್ಪತ್ರೆಗೆ ಮರಳಿಸಿದಳು. ಮರುವರ್ಷ ಅವನಂಥವನೇ ಒಬ್ಬ ಮೇಜಿಗೆ ಬಂದ. ನನ್ನ ವೈರು ಬಿಚ್ಚಿ ಕಿಟಕಿಯ ಪಕ್ಕದ ಗಿಡ್ಡ ಕಪಾಟಿನ ಮೇಲಿಟ್ಟರು.

ಹೊಟ್ಟೆಕಿಚ್ಚು ಆರಿತೇ ಎಂದರೆ, ಇಲ್ಲ. ನಾಗವೇಣಿ ಅವನ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವಾಗ ಇಂದಿಗೂ ಉರಿಯುತ್ತದೆ. ಆದರೆ ಪೊರೆ ತೆಗೆಸಿಕೊಂಡ ದೊಡ್ಡಮ್ಮ ದಿನಾ ಬೆಳಗ್ಗೆ ನನ್ನ ಮುಂದೆ ಬಂದು ನಿಲ್ಲುತ್ತಾಳೆ. ಸೆರಗಿನ ತುದಿಯಿಂದ ನನ್ನ ಕಪ್ಪು ಗಾಜನ್ನು ಒರೆಸಿ, ಅದರಲ್ಲಿ ತನ್ನ ಮುಖ ನೋಡಿಕೊಂಡು ಬೈತಲೆ ತಿದ್ದಿಕೊಳ್ಳುತ್ತಾಳೆ. ಆ ಮುಖ ನನ್ನ ಅಗಲಕ್ಕೆ ಸರಿಯಾಗಿದೆ.